ಮೆನುಹಿನ್ ಧ್ವನಿಮುದ್ರಿಕೆಗಳು: ಒಂದು ಪಿಟೀಲಿನ ಎಪ್ಪತ್ತು ವರ್ಷಗಳು

1932ರ ಜುಲೈ ತಿಂಗಳ 14 ಮತ್ತು 15ರಂದು ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಪಿಟೀಲು ಹಿಡಿದು ನಿಂತಿದ್ದ. ಜೊತೆಗೆ ಲಂಡನ್ ಸಿಂಫನಿ ವಾದ್ಯವೃಂದ. ಅದರ ನಿರ್ದೇಶನದ ಕೋಲು ಹಿಡಿದವರು ಎಪ್ಪತ್ತೈದರ ಸರ್ ಎಡ್ವರ್ಡ್ ಎಲ್ಗರ್. ನುಡಿಸಬೇಕಾಗಿದ್ದುದು ಎಲ್ಗರ್ ಅವರೇ ರಚಿಸಿದ ಪಿಟೀಲು ಕಾನ್ಚೆರ್ಟೊ, ಅಂದರೆ ಒಬ್ಬ ಏಕವಾದಕನೂ ದೊಡ್ಡ ವಾದ್ಯವೃಂದವೂ ಸಂವಾದಿಸುವ ಬೃಹತ್ ಕೃತಿ. ಆ ಎರಡು ದಿನಗಳ ದುಡಿಮೆ ಆರು ಗ್ರಾಮಫೋನ್ ತಟ್ಟೆಗಳ ಹನ್ನೆರಡು ಮುಖಗಳಲ್ಲಿ ಅಡಕವಾಯಿತು. ಅದಾದ ಮೇಲೆ ಎಲ್ಗರ್ ಎರಡು ವರ್ಷವೂ ಬದುಕಲಿಲ್ಲ. ಆ ಧ್ವನಿಮುದ್ರಿಕೆ ಮಾತ್ರ ಮೇಣದಿಂದ ಎಲ್‌ಪಿಗೆ, ಎಲ್‌ಪಿಯಿಂದ ಸಿ.ಡಿ.ಗೆ ದಾಟುತ್ತ ಇಂದಿಗೂ ಕೇಳುಗರ ಕೈಗೆ ಸಿಗುತ್ತಿದೆ.

ಆ ಹುಡುಗ ಯೆಹೂದಿ ಮೆನುಹಿನ್. ಇಪ್ಪತ್ತನೆಯ ಶತಮಾನದ ಪಿಟೀಲು ವಾದಕರ ಸಾಲಿನಲ್ಲಿ ಹೈಫೆಟ್ಸ್, ಓಯಿಸ್ತ್ರಾಖ್ ಮೊದಲಾದ ದಿಗ್ಗಜರಿದ್ದಾರೆ. ಕೈಚಳಕದ ಖಚಿತತೆಯಲ್ಲಿ ಅವರಲ್ಲಿ ಕೆಲವರು ಮೆನುಹಿನ್‌ಗಿಂತ ಒಂದು ಕೈ ಮೇಲೆಂದು ಹೇಳುವವರೂ ಇದ್ದಾರೆ. ಆದರೆ ಹನ್ನೊಂದರ ಬಾಲ್ಯದಿಂದ ಎಂಬತ್ತು ದಾಟುವವರೆಗೆ, 1928ರಿಂದ 1999ರವರೆಗೆ, ಒಬ್ಬ ಕಲಾವಿದನ ಏಳು ಬೀಳುಗಳೆಲ್ಲವನ್ನೂ ಬಹುತೇಕ ಎಡೆಬಿಡದೆ ದಾಖಲಿಸಿಟ್ಟ ಇಂಥ ಇನ್ನೊಂದು ಧ್ವನಿಭಂಡಾರ ಸಿಗುವುದು ವಿರಳ. ಒಂದೇ ಕೃತಿಯನ್ನು ಅವರು ಎರಡು, ಮೂರು, ಕೆಲವೊಮ್ಮೆ ನಾಲ್ಕು ಬಾರಿ ಮುದ್ರಿಸಿದ್ದಾರೆ. ಅವುಗಳನ್ನು ಅಕ್ಕಪಕ್ಕ ಇಟ್ಟು ಕೇಳಿದವರಿಗೆ ಕೃತಿಯಷ್ಟೇ ಅಲ್ಲ, ಅದನ್ನು ನುಡಿಸಿದ ಮನುಷ್ಯನಿಗೆ ಏನಾಯಿತೆಂಬುದೂ ಕೇಳಿಸುತ್ತದೆ.

ಹೆಸರೇ ಗುರುತು

ಮೆನುಹಿನ್ ಹುಟ್ಟಿದ್ದು 1916ರ ಏಪ್ರಿಲ್ 22ರಂದು ನ್ಯೂಯಾರ್ಕ್‌ನಲ್ಲಿ. ತಂದೆ ಮೋಶೆ, ತಾಯಿ ಮರುಥಾ ಇಬ್ಬರೂ ರಷ್ಯನ್ ಸಾಮ್ರಾಜ್ಯದ ನೆಲದಿಂದ ವಲಸೆ ಬಂದ ಯಹೂದಿಗಳು. ಬಾಡಿಗೆ ಮನೆ ಹುಡುಕುತ್ತಿದ್ದಾಗ ಮನೆಯೊಡತಿಯೊಬ್ಬಳು ತಾನು ಯಹೂದಿಗಳಿಗೆ ಮನೆ ಕೊಡುವುದಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಳಂತೆ. ಹುಟ್ಟಲಿರುವ ಮಗುವಿನ ಜಾತಿ ಕೇಳುವವರಿಗೆ ಹೆಸರೇ ಉತ್ತರವಾಗಲಿ ಎಂದು ತಾಯಿ ಅಂದೇ ನಿಶ್ಚಯಿಸಿದರು. ಕನ್ನಡ ಓದುಗರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಬಾಲಕ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಲೂಯಿ ಪರ್ಸಿಂಜರ್ ಬಳಿ ಪಾಠವಾಯಿತು. ಬಳಿಕ ಪ್ಯಾರಿಸ್ಸಿನಲ್ಲಿ ರೊಮೇನಿಯಾದ ಮಹಾ ಸಂಗೀತಗಾರ ಜಾರ್ಜ್ ಎನೆಸ್ಕು, ಅನಂತರ ಜರ್ಮನ್ ಪರಂಪರೆಯ ಅಡಾಲ್ಫ್ ಬುಶ್ ಗುರುಗಳಾದರು. 1927ರ ನವೆಂಬರ್‌ನಲ್ಲಿ ಹನ್ನೊಂದರ ಹುಡುಗ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಬೀಥೋವನ್ ಕಾನ್ಚೆರ್ಟೊ ನುಡಿಸಿದ. ಅದು ಮಕ್ಕಳ ಕೃತಿಯಲ್ಲವೆಂದು ನಿರ್ದೇಶಕ ಫ್ರಿಟ್ಸ್ ಬುಶ್ ಮೊದಲು ಹಿಂಜರಿದಿದ್ದರು. ಕೇಳಿದ ಮೇಲೆ ಒಪ್ಪಿದರು. 1929ರ ಏಪ್ರಿಲ್‌ನಲ್ಲಿ ಬರ್ಲಿನ್‌ನಲ್ಲಿ ಬ್ರೂನೋ ವಾಲ್ಟರ್ ನಿರ್ದೇಶನದಡಿ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕಾನ್ಚೆರ್ಟೊಗಳನ್ನೂ ಒಂದೇ ಸಂಜೆ ನುಡಿಸಿದಾಗ ಅವನಿಗಿನ್ನೂ ಹದಿಮೂರು ತುಂಬಿರಲಿಲ್ಲ.

ಮೊದಲ ತಟ್ಟೆಗಳು 1928ರಲ್ಲಿ ವಿಕ್ಟರ್ ಕಂಪನಿಗಾಗಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಮುದ್ರಣವಾದವು. ಪಿಯಾನೋದಲ್ಲಿ ಗುರು ಪರ್ಸಿಂಜರ್. ಎಲ್ಲವೂ ಚಿಕ್ಕ ಚಿಕ್ಕ ರಚನೆಗಳು. 1929ರ ನವೆಂಬರ್‌ನಲ್ಲಿ ಲಂಡನ್ನಿನ ಎಚ್‌ಎಂವಿಯ ಜೊತೆ ಆರಂಭವಾದ ಸಂಬಂಧ, ಆ ಸಂಸ್ಥೆ ಇಎಂಐ ಆದ ಮೇಲೂ ಮುಂದುವರಿದು, ಮೆನುಹಿನ್ ಕಣ್ಣು ಮುಚ್ಚುವವರೆಗೆ ನಡೆಯಿತು. ಸಂಗೀತ ವ್ಯಾಪಾರದ ಇತಿಹಾಸದಲ್ಲೇ ಅತಿ ದೀರ್ಘ ಕರಾರು ಎಂದು ಇದನ್ನು ಹೇಳುವುದುಂಟು.

ಮೇಣದ ಮೇಲಿನ ಪರೀಕ್ಷೆ

ಆ ಕಾಲದ ಧ್ವನಿಮುದ್ರಣ ಹೇಗಿತ್ತೆಂಬುದನ್ನು ತಿಳಿಯದೆ ಈ ಮುದ್ರಿಕೆಗಳ ಬೆಲೆ ಅರಿವಾಗದು. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ನಾಲ್ಕು, ನಾಲ್ಕೂವರೆ ನಿಮಿಷ ಮಾತ್ರ. ಮೈಕ್ರೋಫೋನ್ ಹಿಡಿದ ಶಬ್ದ ನೇರವಾಗಿ ಮೇಣದ ತಟ್ಟೆಯ ಮೇಲೆ ಗೀರಾಗಿ ಕೊರೆಯುತ್ತಿತ್ತು. ನಡುವೆ ಒಂದು ಸ್ವರ ತಪ್ಪಿದರೂ ಆ ಮೇಣವನ್ನು ಬಿಸುಟು ಇಡೀ ಮುಖವನ್ನು ಮತ್ತೆ ನುಡಿಸಬೇಕು. ತಪ್ಪಿದ ಸ್ವರವನ್ನು ಕತ್ತರಿಸಿ ಸರಿಯಾದುದನ್ನು ಅಂಟಿಸುವ ಸೌಲಭ್ಯ ಬಂದದ್ದು ಕಾಂತೀಯ ಟೇಪಿನ ಕಾಲದಲ್ಲಿ, ಎರಡನೆಯ ಮಹಾಯುದ್ಧದ ನಂತರ. ನಮ್ಮ ಹಿಂದಿನ ತಲೆಮಾರಿನ ವಿದ್ವಾಂಸರು ಮೂರು ನಿಮಿಷದ ತಟ್ಟೆಯಲ್ಲಿ ರಾಗವನ್ನೂ ಕೀರ್ತನೆಯನ್ನೂ ತುಂಬಿಡಬೇಕಾದಾಗ ಪಟ್ಟ ಇಕ್ಕಟ್ಟು ಸಂಗೀತಾಸಕ್ತರಿಗೆ ಗೊತ್ತಿರುವುದೇ. ಪಾಶ್ಚಾತ್ಯ ಕೃತಿಗಳ ಇಕ್ಕಟ್ಟು ಇನ್ನೊಂದು ಬಗೆಯದು. ಕೃತಿಯನ್ನು ಕುಗ್ಗಿಸುವಂತಿಲ್ಲ, ಸ್ವರಲಿಪಿ ಅಚಲ. ಆದ್ದರಿಂದ ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ, ಹೊಸ ಮೇಣ ಹೂಡಿದ ಮೇಲೆ ಅದೇ ಭಾವ, ಅದೇ ಗತಿಯನ್ನು ಮರಳಿ ಹಿಡಿಯಬೇಕು.

ಹೀಗಾಗಿ 1930ರ ದಶಕದ ಮೆನುಹಿನ್ ತಟ್ಟೆಗಳಲ್ಲಿ ಇಂದು ಕೇಳುವುದು ಜೋಡಿಸಿ ತಿದ್ದಿದ ಪರಿಪೂರ್ಣತೆಯಲ್ಲ. ಒಂದೊಂದು ಮುಖವೂ ಒಂದೇ ಉಸಿರಿನ ವಾದನ.

ಎಲ್ಗರ್ ಮತ್ತು ಗೈಸ್ಬರ್ಗ್

ಎಲ್ಗರ್ ಕಾನ್ಚೆರ್ಟೊ 1910ರ ನವೆಂಬರ್‌ನಲ್ಲಿ ಫ್ರಿಟ್ಸ್ ಕ್ರೈಸ್ಲರ್ ಅವರ ಪಿಟೀಲಿನಲ್ಲಿ ಮೊದಲ ಸಲ ಕೇಳಿಬಂದಿತ್ತು. 1916ರಲ್ಲಿ ಮೇರಿ ಹಾಲ್ ಎಂಬ ವಾದಕಿಯೊಡನೆ ಎಲ್ಗರ್ ಅದನ್ನು ನಾಲ್ಕೇ ಮುಖಗಳಿಗೆ ಕತ್ತರಿಸಿ ಮುದ್ರಿಸಿದ್ದರು. 1929ರಲ್ಲಿ ಆಲ್ಬರ್ಟ್ ಸ್ಯಾಮನ್ಸ್ ಪೂರ್ಣ ಕೃತಿಯನ್ನು ಹೆನ್ರಿ ವುಡ್ ನಿರ್ದೇಶನದಲ್ಲಿ ನುಡಿಸಿದ್ದರು. ಅದು ಇಂದಿಗೂ ಗೌರವ ಪಡೆದಿರುವ ಮುದ್ರಿಕೆ. ಆದರೆ ರಚನಕಾರರೇ ನಿರ್ದೇಶಿಸಿದ ಪೂರ್ಣ ದಾಖಲೆ ಬೇಕೆಂಬುದು ಎಚ್‌ಎಂವಿಯ ಫ್ರೆಡ್ ಗೈಸ್ಬರ್ಗ್ ಅವರ ಹಂಬಲವಾಗಿತ್ತು. ಕ್ರೈಸ್ಲರ್ ಕೈಗೆ ಸಿಗಲಿಲ್ಲ. ಗೈಸ್ಬರ್ಗ್ ಹದಿನಾರರ ಹುಡುಗನನ್ನು ಆರಿಸಿದರು.

ಈ ಗೈಸ್ಬರ್ಗ್ ಭಾರತೀಯರಿಗೆ ಅಪರಿಚಿತರಲ್ಲ. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಕಂಠವನ್ನು ಮೊದಲ ಬಾರಿಗೆ ತಟ್ಟೆಯ ಮೇಲೆ ಹಿಡಿದವರು ಇವರೇ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮುದ್ರಣಕ್ಕೆ ಮುಂಚೆ ನಡೆದ ಭೇಟಿಯ ಬಗ್ಗೆ ಒಂದು ಕಥೆ ಪ್ರಸಿದ್ಧವಾಗಿದೆ. ಪಿಯಾನೋ ವಾದಕ ಐವರ್ ನ್ಯೂಟನ್ ಜೊತೆಯಲ್ಲಿ ಹುಡುಗ ಏಕವಾದಕನ ಮೊದಲ ಕೆಲವು ಸಾಲುಗಳನ್ನಷ್ಟೇ ನುಡಿಸಿದನಂತೆ. ಎಲ್ಗರ್ ತಡೆದು, ಇನ್ನು ಹೇಳಿಕೊಡುವುದು ಏನೂ ಇಲ್ಲವೆಂದು ಕುದುರೆ ಜೂಜು ನೋಡಲು ಹೊರಟೇಬಿಟ್ಟರಂತೆ. ಇದು ಮೆನುಹಿನ್ ಅವರೇ ಮುಂದೆ ಅನೇಕ ಸಲ ಹೇಳಿದ ಕಥೆ. ನ್ಯೂಟನ್ ಅವರ ನೆನಪು ಬೇರೆ. ಕೃತಿಯ ಬಹುಪಾಲನ್ನು ನುಡಿಸಿ ಚರ್ಚಿಸಿದ್ದಾಗಿ ಅವರು ಬರೆದಿದ್ದಾರೆ. ಯಾವುದು ಹೆಚ್ಚು ನಂಬಲರ್ಹವೆಂಬುದನ್ನು ಮುದ್ರಿಕೆಯೇ ಸೂಚಿಸುತ್ತದೆ ಎನ್ನಬಹುದು. ಅಷ್ಟು ಹೊಂದಾಣಿಕೆ ಕುದುರೆ ಜೂಜಿನಿಂದ ಬರುವಂಥದ್ದಲ್ಲ.

ಕೃತಿ ಸುಮಾರು ಐವತ್ತು ನಿಮಿಷದ್ದು. ಅದರ ಹೃದಯವಿರುವುದು ಮೂರನೆಯ ಚಲನೆಯ ಕೊನೆಯ ಕೆಡೆನ್ಸಾದಲ್ಲಿ. ಕೆಡೆನ್ಸಾ ಎಂದರೆ ಏಕವಾದಕ ಒಬ್ಬನೇ ಕೈಚಳಕ ತೋರುವ ಭಾಗ. ವಾದ್ಯವೃಂದ ಸುಮ್ಮನಿರುವುದು ವಾಡಿಕೆ. ಎಲ್ಗರ್ ವಾಡಿಕೆ ಮುರಿದಿದ್ದಾರೆ. ವಾದ್ಯವೃಂದದ ತಂತಿವಾದ್ಯಗಳು ಬೆರಳ ತುದಿಯಿಂದ ಮೆಲ್ಲನೆ ಮಿಡಿಯುತ್ತ ಮಂಜಿನಂಥ ನಾದ ಹರಡುತ್ತವೆ. ಅದರ ಮೇಲೆ ಪಿಟೀಲು ಹಿಂದಿನ ಚಲನೆಗಳ ಸ್ವರಗುಚ್ಛಗಳನ್ನು ಒಂದೊಂದಾಗಿ ನೆನೆಯುತ್ತದೆ. ವೃದ್ಧನ ಸ್ಮರಣೆಯಂತಿರುವ ಈ ಭಾಗವನ್ನು ಹದಿಹರೆಯದವನೊಬ್ಬ ಈ ಪರಿಯಲ್ಲಿ ನುಡಿಸಿದ್ದು ಹೇಗೆಂಬುದಕ್ಕೆ ವಿಮರ್ಶಕರು ಇಂದಿಗೂ ಸರಿಯಾದ ವಿವರಣೆ ಕೊಟ್ಟಿಲ್ಲ. ನಾದ ತುಂಬಿ ಹರಿಯುತ್ತದೆ, ಆದರೆ ಎಲ್ಲಿಯೂ ಅಳುಮೋರೆ ಇಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಇಬ್ಬರೂ ಕೂಡಿ ಕೃತಿಯನ್ನು ಸಾರ್ವಜನಿಕವಾಗಿ ನುಡಿಸಿದರು. 1934ರ ಫೆಬ್ರವರಿ 23ರಂದು ಎಲ್ಗರ್ ನಿಧನರಾದರು.

ಬಾಖ್ ಮತ್ತು ಪ್ಯಾರಿಸ್ಸಿನ ವರ್ಷಗಳು

1932ರಲ್ಲೇ ಪ್ಯಾರಿಸ್ಸಿನಲ್ಲಿ ಬಾಖ್ ರಚಿಸಿದ ಜೋಡಿ ಪಿಟೀಲುಗಳ ಕಾನ್ಚೆರ್ಟೊ ಮುದ್ರಣವಾಯಿತು. ಒಂದು ಪಿಟೀಲು ಮೆನುಹಿನ್, ಇನ್ನೊಂದು ಗುರು ಎನೆಸ್ಕು, ನಿರ್ದೇಶನ ಪಿಯೇರ್ ಮೊಂತ. ನಿಧಾನಗತಿಯ ನಡುಚಲನೆಯಲ್ಲಿ ಗುರು ಯಾರು ಶಿಷ್ಯ ಯಾರು ಎಂದು ಗುರುತಿಸುವುದು ಮೊದಲ ಕೇಳ್ಮೆಗೆ ಕಷ್ಟ. ಎರಡನೆಯ ಸಲ ಕೇಳಿದಾಗ ಎನೆಸ್ಕು ಅವರ ನಾದ ತುಸು ಒಣಗಿದಂತೆ, ಆದರೆ ಹೆಚ್ಚು ಮಾತನಾಡಿದಂತೆ ತೋರುತ್ತದೆ.

1934ರಿಂದ 1936ರ ಅವಧಿಯಲ್ಲಿ ಮೆನುಹಿನ್ ಬಾಖ್ ರಚಿಸಿದ ಒಂಟಿ ಪಿಟೀಲಿನ ಆರೂ ಸೊನಾಟಾ ಮತ್ತು ಪಾರ್ಟಿಟಾಗಳನ್ನು ಮುದ್ರಿಸಿದರು. ಯಾವುದೇ ಪಕ್ಕವಾದ್ಯವಿಲ್ಲದ ಈ ಆರು ಕೃತಿಗಳನ್ನು ಪೂರ್ತಿಯಾಗಿ ಧ್ವನಿಮುದ್ರಿಸಿದ ಮೊದಲಿಗರೆಂಬ ಗೌರವ ಅವರದು. ನಾಲ್ಕು ತಂತಿಯ ಒಂದೇ ವಾದ್ಯದಲ್ಲಿ ಮೂರು ನಾಲ್ಕು ಧಾರೆಗಳು ಏಕಕಾಲಕ್ಕೆ ಹರಿಯುತ್ತಿರುವ ಭ್ರಮೆ ಹುಟ್ಟಿಸಬೇಕಾದ ಕಠಿಣ ರಚನೆಗಳಿವು. ಎರಡನೆಯ ಪಾರ್ಟಿಟಾದ ಕೊನೆಯಲ್ಲಿ ಬರುವ, ಕಾಲು ಗಂಟೆಯಷ್ಟು ದೀರ್ಘವಾದ ‘ಶಾಕೋನ್’ ಎಲ್ಲ ವಾದಕರ ಅಗ್ನಿಪರೀಕ್ಷೆ. ಮೆನುಹಿನ್ ಇಡೀ ಗುಚ್ಛವನ್ನು 1950ರ ದಶಕದಲ್ಲಿ ಮತ್ತೊಮ್ಮೆ, 1970ರ ದಶಕದಲ್ಲಿ ಮಗದೊಮ್ಮೆ ಮುದ್ರಿಸಿದರು. ಮೊದಲನೆಯದರಲ್ಲಿ ಶೈಲಿ ಹಳೆಯ ಕಾಲದ್ದು, ಭಾವ ಧಾರಾಳ. ಆದರೆ ಕಮಾನು ಎಲ್ಲಿಯೂ ನಡುಗುವುದಿಲ್ಲ. ಕೊನೆಯದರಲ್ಲಿ ಕಮಾನು ಆಗಾಗ ಒರಟಾಗುತ್ತದೆ, ಶ್ರುತಿ ಅಲ್ಲಲ್ಲಿ ಜಾರುತ್ತದೆ. ಹಾಗಿದ್ದೂ ಧಾರೆಗಳ ನಡುವಿನ ತರ್ಕ ಹೆಚ್ಚು ನಿಚ್ಚಳ. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕೆಂದರೆ ಮೊದಲನೆಯದೇ ಸರಿ.

ಪ್ಯಾರಿಸ್ಸಿನ ವರ್ಷಗಳ ಉಳಿದ ಮುದ್ರಿಕೆಗಳು ಹಲವು. ಎನೆಸ್ಕು ನಿರ್ದೇಶನದಲ್ಲಿ ಲಾಲೋ ಮತ್ತು ಶೋಸೋಂ, ಮೊಟ್ಸಾರ್ಟನ ಮೂರನೆಯ ಕಾನ್ಚೆರ್ಟೊ, 1938ರಲ್ಲಿ ಮೆಂಡೆಲ್ಸನ್. ಮೊಂತ ನಿರ್ದೇಶನದಲ್ಲಿ ಪಗನೀನಿ. ತಂಗಿ ಹೆಫ್ಜಿಬಾ ಪಿಯಾನೋ ಮುಂದೆ ಕುಳಿತದ್ದು 1933ರಲ್ಲಿ, ಮೊಟ್ಸಾರ್ಟನ ಸೊನಾಟಾ ಒಂದರೊಡನೆ. ಅಣ್ಣ ತಂಗಿಯರ ಈ ಜೋಡಿ ದಶಕಗಳ ಕಾಲ ಮುಂದುವರಿಯಿತು.

ಇದೇ ಕಾಲದ ಒಂದು ತಟ್ಟೆಯ ಕಥೆ ಮೋಜಿನದು. 1934ರಲ್ಲಿ ಮೆನುಹಿನ್ ‘ಅಡಿಲೇಡ್’ ಎಂಬ ಕಾನ್ಚೆರ್ಟೊವನ್ನು ಮುದ್ರಿಸಿದರು. ಮೊಟ್ಸಾರ್ಟ್ ಹತ್ತನೆಯ ವಯಸ್ಸಿನಲ್ಲಿ ಫ್ರೆಂಚ್ ರಾಜಕುಮಾರಿಗಾಗಿ ರಚಿಸಿದ ಕೃತಿಯೆಂದು ಅದನ್ನು ಬೆಳಕಿಗೆ ತಂದವರು ಮಾರಿಯುಸ್ ಕಸದೆಸ್ಯು. ವಿದ್ವಾಂಸರಿಗೆ ಮೊದಲಿನಿಂದಲೂ ಸಂಶಯವಿತ್ತು. 1977ರಲ್ಲಿ, ಹಕ್ಕುಸ್ವಾಮ್ಯದ ವ್ಯಾಜ್ಯವೊಂದರ ಸಂದರ್ಭದಲ್ಲಿ, ಅದು ತಮ್ಮದೇ ರಚನೆಯೆಂದು ಕಸದೆಸ್ಯು ಒಪ್ಪಿಕೊಂಡರು. ಮೆನುಹಿನ್ ನುಡಿಸಾಣಿಕೆ ಮಾತ್ರ ಅಸಲಿ!

ಕಮಾನು ನಡುಗಿದಾಗ

ಬಾಲಪ್ರತಿಭೆಗಳಿಗೆ ಒಂದು ಅಪಾಯ ಸದಾ ಕಾದಿರುತ್ತದೆ. ಹೇಗೆ ನುಡಿಸುತ್ತೇನೆಂದು ಯೋಚಿಸದೆಯೇ ನುಡಿಸಿದವರಿಗೆ, ಒಂದು ದಿನ ಯೋಚನೆ ಬಂದ ಕೂಡಲೇ ಕೈ ಕಟ್ಟಿಹೋಗುತ್ತದೆ. ಮೆನುಹಿನ್ ಅವರಿಗೆ ಆದದ್ದು ಇದೇ. ಸ್ವರಸಾಧನೆ, ಕಮಾನಿನ ಪಾಠಗಳನ್ನು ಕ್ರಮವಾಗಿ ಕಲಿಯದೆ ನೇರವಾಗಿ ಮಹಾಕೃತಿಗಳಿಗೆ ಹಾರಿದ್ದಾಗಿ ಅವರೇ ‘ಅನ್‌ಫಿನಿಶ್ಡ್ ಜರ್ನಿ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಯುದ್ಧಕಾಲದಲ್ಲಿ ಮಿತ್ರಪಕ್ಷಗಳ ಸೈನಿಕರಿಗಾಗಿ ಐನೂರಕ್ಕೂ ಹೆಚ್ಚು ಕಛೇರಿಗಳನ್ನು ನೀಡಿದರು. ಅಭ್ಯಾಸಕ್ಕೆ ಬಿಡುವಿಲ್ಲ, ನಿದ್ದೆಗೆ ಹೊತ್ತಿಲ್ಲ. 1945ರ ಜುಲೈನಲ್ಲಿ ರಚನಕಾರ ಬೆಂಜಮಿನ್ ಬ್ರಿಟನ್ ಅವರ ಪಿಯಾನೋ ಜೊತೆಯಲ್ಲಿ, ವಿಮೋಚನೆಯಾಗಿ ಮೂರು ತಿಂಗಳಾಗಿದ್ದ ಬರ್ಗನ್-ಬೆಲ್ಸನ್ ಯಾತನಾ ಶಿಬಿರದಲ್ಲಿ ಬದುಕುಳಿದವರ ಮುಂದೆ ನುಡಿಸಿದರು.

ಯುದ್ಧ ಮುಗಿಯುವ ಹೊತ್ತಿಗೆ ಬಲಗೈ ಮಾತು ಕೇಳದಾಗಿತ್ತು. ಕಮಾನನ್ನು ತಂತಿಯ ಮೇಲೆ ನಿಧಾನವಾಗಿ ಎಳೆಯುವಾಗ ಅದು ಸಣ್ಣಗೆ ಪುಟಿಯತೊಡಗಿತು. ಮೂವತ್ತರ ಹರೆಯದ, ವಿಶ್ವಖ್ಯಾತಿಯ ವಾದಕ ಮತ್ತೆ ಮೊದಲ ಪಾಠಕ್ಕೆ ಕುಳಿತು ಬೆರಳು, ಮಣಿಕಟ್ಟು, ಭುಜಗಳ ಚಲನೆಯನ್ನು ಒಂದೊಂದಾಗಿ ಅಭ್ಯಸಿಸಬೇಕಾಯಿತು.

ಆದರೆ ಅವರ ಅತ್ಯಂತ ಘನವಾದ ಕೆಲವು ಮುದ್ರಿಕೆಗಳು ಹೊರಬಂದದ್ದೂ ಈ ಸಂಕಟದ ವರ್ಷಗಳಲ್ಲೇ. ನಾಜಿಗಳ ಕಾಲದಲ್ಲಿ ಜರ್ಮನಿಯಲ್ಲೇ ಉಳಿದಿದ್ದ ನಿರ್ದೇಶಕ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಅವರನ್ನು ಯುದ್ಧಾನಂತರ ಅನೇಕ ಕಲಾವಿದರು ದೂರವಿಟ್ಟಿದ್ದರು. ಯಹೂದಿಯಾದ ಮೆನುಹಿನ್ 1947ರಲ್ಲಿ ಅವರೊಡನೆ ನುಡಿಸಲು ಮುಂದಾದರು. ಇದಕ್ಕಾಗಿ ತಮ್ಮವರಿಂದಲೇ ಕಟುವಾದ ಟೀಕೆಯನ್ನು ಎದುರಿಸಿದರು. ಆ ವರ್ಷ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಬೀಥೋವನ್, 1949ರಲ್ಲಿ ಬ್ರಾಮ್ಸ್, 1952ರಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್ ಜೊತೆ ಮೆಂಡೆಲ್ಸನ್, 1953ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಯಾ ಜೊತೆ ಮತ್ತೆ ಬೀಥೋವನ್ ಮತ್ತು ಬಾರ್ಟೋಕ್ ಮುದ್ರಣವಾದವು. 1954ರ ನವೆಂಬರ್‌ನಲ್ಲಿ ಫುರ್ಟ್‌ವೆಂಗ್ಲರ್ ತೀರಿಕೊಂಡರು.

1953ರ ಬೀಥೋವನ್ ಮುದ್ರಿಕೆಯನ್ನು ಈ ಇಡೀ ಭಂಡಾರದ ಶಿಖರವೆಂದು ಎಣಿಸುವವರು ಬಹಳ. ವಾದ್ಯವೃಂದದ ನಡೆ ವಿಶಾಲ, ಅವಸರವಿಲ್ಲ. ಅದರ ಮೇಲೆ ಪಿಟೀಲು ತೋರಿಕೆಗಾಗಿ ಒಂದು ಸ್ವರವನ್ನೂ ನುಡಿಸುವುದಿಲ್ಲ. ಎರಡನೆಯ ಚಲನೆಯಲ್ಲಿ ಮೇಲಿನ ತಂತಿಯ ನಾದ ಎಳೆಯಂತೆ ತೆಳುವಾಗುತ್ತದೆ. ಕಿವಿಗೊಟ್ಟು ಕೇಳಿದರೆ ಕಮಾನಿನ ಅಳುಕು ಅಲ್ಲಲ್ಲಿ ತಿಳಿಯುತ್ತದೆ ಕೂಡ. 1932ರ ಹುಡುಗನಿಗೆ ಅದು ಇರಲಿಲ್ಲ. ಆದರೆ ಇಲ್ಲಿ ಕೇಳುವ ಮೌನಗಳೂ ಆ ಹುಡುಗನಿಗೆ ಗೊತ್ತಿರಲಿಲ್ಲ.

ಈ ಫಿಲ್‌ಹಾರ್ಮೊನಿಯಾ ವಾದ್ಯವೃಂದಕ್ಕೂ ಮೈಸೂರಿಗೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಈ ವೃಂದಕ್ಕೆ ಆರಂಭದ ವರ್ಷಗಳಲ್ಲಿ ಹಣದ ಬೆಂಬಲ ನೀಡಿದವರು ಜಯಚಾಮರಾಜ ಒಡೆಯರು. ಸ್ವತಃ ಪಾಶ್ಚಾತ್ಯ ಸಂಗೀತ ಬಲ್ಲ ಅರಸರು ಫಿಲ್‌ಹಾರ್ಮೊನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಆಗಿದ್ದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಮೊದಲ ಬಾರಿಗೆ ಕೇಳಿಬಂದ ಕಛೇರಿಗೂ ಅವರದೇ ಆರ್ಥಿಕ ಭರವಸೆ.

ಬಾರ್ಟೋಕ್ ಬರೆದುಕೊಟ್ಟ ಸೊನಾಟಾ

ಮೆನುಹಿನ್ ಹಳೆಯ ಮಹಾಕೃತಿಗಳಿಗಷ್ಟೇ ಅಂಟಿಕೊಂಡವರಲ್ಲ. 1943ರಲ್ಲಿ ಹಂಗೇರಿಯ ರಚನಕಾರ ಬೇಲಾ ಬಾರ್ಟೋಕ್ ಅಮೆರಿಕದಲ್ಲಿ ರೋಗ ಮತ್ತು ಹಣದ ಮುಗ್ಗಟ್ಟಿನಿಂದ ನರಳುತ್ತಿದ್ದರು. ಮೆನುಹಿನ್ ಅವರ ಬಳಿ ಒಂಟಿ ಪಿಟೀಲಿಗಾಗಿ ಒಂದು ಕೃತಿ ಕೇಳಿದರು. 1944ರ ನವೆಂಬರ್ 26ರಂದು ಕಾರ್ನೆಗಿ ಹಾಲ್‌ನಲ್ಲಿ ಆ ಸೊನಾಟಾ ಮೊದಲ ಬಾರಿಗೆ ಕೇಳಿಬಂತು. ಮುಂದಿನ ಸೆಪ್ಟೆಂಬರ್‌ನಲ್ಲಿ ಬಾರ್ಟೋಕ್ ಇಲ್ಲವಾದರು. 1947ರಲ್ಲಿ ಮೆನುಹಿನ್ ಅದನ್ನು ಧ್ವನಿಮುದ್ರಿಸಿದರು. ಬಾರ್ಟೋಕ್ ಮೂಲದಲ್ಲಿ ಕಾಲುಸ್ವರಗಳನ್ನು, ಅಂದರೆ ಪಿಯಾನೋದ ಎರಡು ಪಕ್ಕದ ಮನೆಗಳ ನಡುವೆ ಬೀಳುವ ಸೂಕ್ಷ್ಮ ಶ್ರುತಿಗಳನ್ನು ಬರೆದಿದ್ದರು. ಮೆನುಹಿನ್ ಸಂಪಾದಿಸಿದ ಮುದ್ರಿತ ಪ್ರತಿಯಲ್ಲಿ ಅವು ಇರಲಿಲ್ಲ. ಮೂಲ ಪಾಠ ಪ್ರಕಟವಾದದ್ದು 1994ರಲ್ಲಿ. ಸೂಕ್ಷ್ಮ ಶ್ರುತಿಗಳ ಗಮಕದಲ್ಲೇ ಬೆಳೆದ ನಮ್ಮ ಕಿವಿಗಳಿಗೆ ಈ ಹಿಂಜರಿಕೆ ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಬಾರ್ಟೋಕ್ ಅವರ ಎರಡನೆಯ ಕಾನ್ಚೆರ್ಟೊವನ್ನಂತೂ ಮೆನುಹಿನ್ ಮತ್ತೆ ಮತ್ತೆ ಮುದ್ರಿಸಿದರು. ಅವುಗಳಲ್ಲಿ 1946ರಲ್ಲಿ ಅಂತಾಲ್ ದೊರಾತಿ ನಿರ್ದೇಶನದ ಡಲ್ಲಾಸ್ ವೃಂದದೊಡನೆ ನುಡಿಸಿದ್ದು ಮೊದಲನೆಯದು.

ಬೆಳ್ಳೂರಿನ ಗುರು

1952ರಲ್ಲಿ ಪ್ರಧಾನಿ ನೆಹರೂ ಅವರ ಆಹ್ವಾನದ ಮೇರೆಗೆ ಮೆನುಹಿನ್ ಭಾರತಕ್ಕೆ ಬಂದು ಕ್ಷಾಮ ಪರಿಹಾರ ನಿಧಿಗಾಗಿ ಕಛೇರಿಗಳನ್ನು ನೀಡಿದರು. ಯೋಗದಲ್ಲಿ ಅವರಿಗೆ ಆಗಲೇ ಆಸಕ್ತಿ ಹುಟ್ಟಿತ್ತು. ನೆಹರೂ ಅವರೊಡನೆ ಶೀರ್ಷಾಸನದ ಪಂದ್ಯವೇ ನಡೆಯಿತೆಂಬ ಕಥೆ ಪತ್ರಿಕೆಗಳಿಗೆ ಒಳ್ಳೆಯ ಆಹಾರವಾಯಿತು. ಆದರೆ ಪಿಟೀಲಿನ ಮಟ್ಟಿಗೆ ಮುಖ್ಯವಾದ ಭೇಟಿ ನಡೆದದ್ದು ಮುಂಬೈಯಲ್ಲಿ, ಬಿ.ಕೆ.ಎಸ್. ಅಯ್ಯಂಗಾರ್ ಅವರೊಡನೆ.

ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಯೋಗ ಕಲಿತದ್ದು ಮೈಸೂರಿನಲ್ಲಿ, ಭಾವ ತಿರುಮಲೆ ಕೃಷ್ಣಮಾಚಾರ್ಯರ ಬಳಿ. ನೆಲೆಸಿದ್ದು ಪುಣೆಯಲ್ಲಿ. ಬಿಡುವಿಲ್ಲದ ಅತಿಥಿ ಮೊದಲು ಐದು ನಿಮಿಷ ಮಾತ್ರ ಕೊಟ್ಟಿದ್ದರಂತೆ. ಅಯ್ಯಂಗಾರ್ ಅವರನ್ನು ಮಲಗಿಸಿ, ಕಣ್ಣು ಕಿವಿಗಳ ಮೇಲೆ ಬೆರಳಿಟ್ಟು ವಿಶ್ರಾಂತಿ ನೀಡಿದಾಗ ಅವರು ಒಂದು ಗಂಟೆ ಹೊತ್ತು ನಿದ್ದೆ ಹೋದರೆಂದು ಅಯ್ಯಂಗಾರ್ ಮುಂದೆ ನೆನೆಯುತ್ತಿದ್ದರು.

ಪಾಶ್ಚಾತ್ಯ ಪಿಟೀಲು ವಾದಕನ ದೇಹಕ್ಕೆ ಇದು ಏಕೆ ಬೇಕಾಯಿತೆಂಬುದು ವಿಚಾರಾರ್ಹ. ಕರ್ನಾಟಕ ಸಂಗೀತದ ವಾದಕ ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದಕ್ಕೆ ಆನಿಸುತ್ತಾನೆ. ವಾದ್ಯದ ಭಾರ ಕೈಗೆ ಬೀಳುವುದಿಲ್ಲ. ಪಾಶ್ಚಾತ್ಯ ವಾದಕ ನಿಂತು, ಗಲ್ಲ ಮತ್ತು ಹೆಗಲ ನಡುವೆ ವಾದ್ಯವನ್ನು ಸಿಕ್ಕಿಸಿ, ಎರಡೂ ತೋಳುಗಳನ್ನು ಎತ್ತಿಹಿಡಿದು ಗಂಟೆಗಟ್ಟಲೆ ನುಡಿಸಬೇಕು. ಕತ್ತಿನ ಒಂದು ಬಿಗಿತ ಭುಜಕ್ಕಿಳಿದು, ಭುಜದಿಂದ ಮಣಿಕಟ್ಟಿಗೆ ಬಂದು, ಕಮಾನಿನಲ್ಲಿ ನಡುಕವಾಗುತ್ತದೆ. ಅಯ್ಯಂಗಾರ್ ಪಿಟೀಲಿನ ಬಗ್ಗೆ ಏನೂ ಹೇಳಿಕೊಡಲಿಲ್ಲ. ನಿಲ್ಲುವುದನ್ನೂ ಉಸಿರಾಡುವುದನ್ನೂ ಹೇಳಿಕೊಟ್ಟರು. 1954ರಲ್ಲಿ ಮೆನುಹಿನ್ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ಆಗ ಉಡುಗೊರೆಯಾಗಿ ಕೊಟ್ಟ ಕೈಗಡಿಯಾರದ ಹಿಂದೆ, ತಮ್ಮ ಅತ್ಯುತ್ತಮ ಪಿಟೀಲು ಗುರುವಿಗೆ ಎಂಬರ್ಥದ ಮಾತನ್ನು ಕೆತ್ತಿಸಿದ್ದರು. 1966ರಲ್ಲಿ ಪ್ರಕಟವಾದ ಅಯ್ಯಂಗಾರ್ ಅವರ ‘ಲೈಟ್ ಆನ್ ಯೋಗ’ ಗ್ರಂಥಕ್ಕೆ ಮುನ್ನುಡಿಯನ್ನೂ ಬರೆದರು.

ಇದರಿಂದ ಹದಿನಾರರ ಕೈ ಮರಳಿ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. 1957ರ ಬ್ರಾಮ್ಸ್, 1960ರ ಬೀಥೋವನ್ ಮುದ್ರಿಕೆಗಳಲ್ಲಿ ನಾದ ಮತ್ತೆ ಮೈದುಂಬಿಕೊಂಡಿರುವುದು ನಿಜ. ಬ್ರಾಮ್ಸ್‌ಗೆ ರುಡಾಲ್ಫ್ ಕೆಂಪೆ ನಿರ್ದೇಶನದ ಬರ್ಲಿನ್ ವೃಂದ, ಬೀಥೋವನ್‌ಗೆ ಸಿಲ್ವೆಸ್ಟ್ರಿ ನಿರ್ದೇಶನದ ವಿಯೆನ್ನಾ ವೃಂದ. ಆದರೆ ಕೈ ಎಂದು ಒಲಿಯುತ್ತದೆ, ಎಂದು ಮುನಿಯುತ್ತದೆ ಎಂಬ ಅನಿಶ್ಚಿತತೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಪೂರ್ವ ಪಶ್ಚಿಮಗಳ ಭೇಟಿ

1952ರ ಭಾರತ ಯಾತ್ರೆಯಲ್ಲೇ ರವಿಶಂಕರ್ ಅವರ ಸಿತಾರ್ ಮೆನುಹಿನ್ ಕಿವಿಗೆ ಬಿದ್ದಿತ್ತು. 1955ರಲ್ಲಿ ಅವರು ಅಲಿ ಅಕ್ಬರ್ ಖಾನ್ ಅವರನ್ನು ನ್ಯೂಯಾರ್ಕ್‌ಗೆ ಬರಮಾಡಿಕೊಂಡರು. ಆಗ ಮುದ್ರಣವಾದ ಸರೋದ್ ಎಲ್‌ಪಿಗೆ ಸ್ವತಃ ಮೆನುಹಿನ್ ಅವರೇ ಪೀಠಿಕೆಯ ಮಾತುಗಳನ್ನಾಡಿದ್ದಾರೆ. 1966ರಲ್ಲಿ ಇಂಗ್ಲೆಂಡಿನ ಬಾತ್ ಉತ್ಸವದಲ್ಲಿ ರವಿಶಂಕರ್ ಜೊತೆ ಜುಗಲ್‌ಬಂದಿ ನಡೆಯಿತು. ಬೆನ್ನಲ್ಲೇ ‘ವೆಸ್ಟ್ ಮೀಟ್ಸ್ ಈಸ್ಟ್’ ಮುದ್ರಿಕೆ 1967ರಲ್ಲಿ ಹೊರಬಂದು, ಮರುವರ್ಷ ಚೇಂಬರ್ ಸಂಗೀತ ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ತಬಲಾದಲ್ಲಿ ಅಲ್ಲಾ ರಖಾ. ಗುಣಕಲಿ ರಾಗದ ‘ಪ್ರಭಾತಿ’, ತಿಲಂಗ್ ರಾಗದ ‘ಸ್ವರ ಕಾಕಲಿ’ ಇದರಲ್ಲಿವೆ. ಇದೇ ತಟ್ಟೆಯಲ್ಲಿ ಹೆಫ್ಜಿಬಾ ಜೊತೆ ನುಡಿಸಿದ, ಗುರು ಎನೆಸ್ಕು ಅವರ ಮೂರನೆಯ ಸೊನಾಟಾ ಕೂಡ ಇದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಮನೋಧರ್ಮದ ದೃಷ್ಟಿಯಿಂದ ನೋಡಿದರೆ ಇದು ಜುಗಲ್‌ಬಂದಿಯೇ ಅಲ್ಲ. ಮೆನುಹಿನ್ ನುಡಿಸಿದ್ದು ಬಹುಮಟ್ಟಿಗೆ ಬರೆದುಕೊಂಡ ಸ್ವರಗಳನ್ನು. ರಾಗದ ಬೆಳವಣಿಗೆಯನ್ನು ನಿರೀಕ್ಷಿಸಿ ಕೇಳುವ ನಮ್ಮ ರಸಿಕರಿಗೆ ಅವರ ತಿಲಂಗ್ ತುಸು ಬಿಗಿಯಾಗಿ, ಪಾಠ ಒಪ್ಪಿಸಿದಂತೆ ಕೇಳಬಹುದು. ಆದರೆ ಐವತ್ತರ ವಯಸ್ಸಿನಲ್ಲಿ, ಜಗತ್ತು ಮಾಂತ್ರಿಕನೆಂದು ಕೊಂಡಾಡುತ್ತಿದ್ದ ವಾದಕ ಇನ್ನೊಂದು ಪದ್ಧತಿಯ ಮುಂದೆ ವಿದ್ಯಾರ್ಥಿಯಾಗಿ ಕುಳಿತದ್ದು ಆ ತಟ್ಟೆಯಲ್ಲಿ ಸ್ಪಷ್ಟವಾಗಿದೆ. ಜಾಜ್ ಪಿಟೀಲಿನ ಸ್ತೆಫಾನ್ ಗ್ರಾಪೆಲ್ಲಿ ಅವರೊಡನೆ 1970ರ ದಶಕದಲ್ಲಿ ಮಾಡಿದ ಮುದ್ರಿಕೆಗಳ ಕಥೆಯೂ ಇದೇ. ಗ್ರಾಪೆಲ್ಲಿ ಆಶುವಾಗಿ ನುಡಿಸುತ್ತಾರೆ, ಮೆನುಹಿನ್ ನೋಡಿಕೊಂಡು ನುಡಿಸುತ್ತಾರೆ, ಇಬ್ಬರೂ ನಗುತ್ತಿರುವುದು ಕೇಳಿಸುತ್ತದೆ.

ಎಲ್ಲಿಂದ ಆರಂಭಿಸಬೇಕು?

1963ರಲ್ಲಿ ಮಕ್ಕಳಿಗಾಗಿ ಸಂಗೀತ ಶಾಲೆ ತೆರೆದ ಮೆನುಹಿನ್, ವರ್ಷಗಳು ಕಳೆದಂತೆ ಕಮಾನಿಗಿಂ‌ತ ನಿರ್ದೇಶನದ ಕೋಲನ್ನೇ ಹೆಚ್ಚು ಹಿಡಿದರು. 1999ರ ಮಾರ್ಚ್ 12ರಂದು ಬರ್ಲಿನ್‌ನಲ್ಲಿ ನಿಧನರಾದರು. ಇಎಂಐಗಾಗಿ ಅವರು ವಾದಕರಾಗಿ, ನಿರ್ದೇಶಕರಾಗಿ ಮುದ್ರಿಸಿದ ಕೃತಿಗಳು ಮುನ್ನೂರಕ್ಕೂ ಹೆಚ್ಚು. 2009ರಲ್ಲಿ ಅವುಗಳಿಂದ ಆಯ್ದ 51 ಸಿ.ಡಿ.ಗಳ ಸಂಪುಟ ಬಂತು. 2013ರಲ್ಲಿ ಇಎಂಐಯ ಶಾಸ್ತ್ರೀಯ ಭಂಡಾರ ವಾರ್ನರ್ ಸಂಸ್ಥೆಯ ಪಾಲಾಯಿತು. ಜನ್ಮಶತಾಬ್ದಿಯ ವರ್ಷವಾದ 2016ರಲ್ಲಿ, ಚಲನಚಿತ್ರ ನಿರ್ದೇಶಕ ಬ್ರೂನೋ ಮೊನ್ಸೆಂಜೊ ಆಯ್ದ 80 ಸಿ.ಡಿ.ಗಳ ‘ದಿ ಮೆನುಹಿನ್ ಸೆಂಚುರಿ’ ಹೊರಬಂತು.

ಹೊಸ ಕೇಳುಗನಿಗೆ ಎಂಬತ್ತು ಸಿ.ಡಿ. ಬೇಕಿಲ್ಲ. ಬಾಖ್ ಜೋಡಿ ಕಾನ್ಚೆರ್ಟೊ, 1932ರ ಎಲ್ಗರ್, 1934-36ರ ಶಾಕೋನ್, 1953ರ ಬೀಥೋವನ್ — ಈ ನಾಲ್ಕು ಸಾಕು. ಹಳೆಯ ತಟ್ಟೆಗಳಿಂದ ಇಳಿಸಿದ ಪ್ರತಿಗಳನ್ನು ಆರಿಸುವಾಗ ಒಂದು ಎಚ್ಚರ ಅಗತ್ಯ. ಚರಚರ ಸದ್ದನ್ನು ಪೂರ್ತಿ ಅಳಿಸಿದ ಪ್ರತಿಗಳಲ್ಲಿ ಪಿಟೀಲಿನ ಮೇಲುಸ್ಥಾಯಿಯ ಹೊಳಪೂ ಅಳಿಸಿಹೋಗಿರುತ್ತದೆ. ತುಸು ಸದ್ದು ಉಳಿಸಿಕೊಂಡ ಪ್ರತಿಯೇ ಮೇಲು. ಐದು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ಎಲ್ಗರ್ ಕೃತಿಯನ್ನು ಮೆನುಹಿನ್ 1960ರ ದಶಕದ ಮಧ್ಯದಲ್ಲಿ ಸರ್ ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ, ಸ್ಟೀರಿಯೋದಲ್ಲಿ, ಇನ್ನೊಮ್ಮೆ ನುಡಿಸಿದರು. ಸಾಧ್ಯವಾದವರು ಎರಡೂ ಮುದ್ರಿಕೆಗಳ ಕೆಡೆನ್ಸಾವನ್ನು ಒಂದಾದ ಮೇಲೊಂದು ಹಾಕಿಕೊಂಡು ಕೇಳಬೇಕು. ವಾದ್ಯವೃಂದದ ಮಿಡಿತ ಎರಡನೆಯದರಲ್ಲೇ ಹೆಚ್ಚು ಸ್ಪಷ್ಟ. ಪಿಟೀಲು ಪ್ರವೇಶಿಸುವಾಗ ಮೊದಲನೆಯದರಲ್ಲಿ ಹುಡುಗ ಒಂದು ಕ್ಷಣವೂ ತಡೆಯುವುದಿಲ್ಲ. ಎರಡನೆಯದರಲ್ಲಿ, ಐವತ್ತರ ಅಂಚಿನ ಮನುಷ್ಯ ಕಮಾನು ಊರುವ ಮುನ್ನ ಒಮ್ಮೆ ಉಸಿರು ತೆಗೆದುಕೊಂಡಂತೆ ಭಾಸವಾಗುತ್ತದೆ.